'ಸಂಗ್ಯಾ-ಬಾಳ್ಯಾ' ಸಣ್ಣಾಟದೊಳಗಿನ ಪಶುತ್ವ

ಮನುಷ್ಯನು ಹದ್ದು ಮೀರಿ ನಡೆದಾಗ ಅವನನ್ನು ಪಶುವೆಂದು ಕರೆಯುವದು ಕನ್ನಡ ಮನೆಗಳಲ್ಲಿಯ ಹಳೆಯ ರೂಢಿ. ಪರಸ್ತ್ರೀಯ ಬೆನ್ನು ಹತ್ತಿದವನು ಪಶು. ಸಿಟ್ಟಿಗೆದ್ದು ಹೆಂಡತಿಯ ಮೇಲೆ ಕೈ ಮಾಡಿದವನು ಪಶು. ಪಂಕ್ತಿಯಲ್ಲಿ ಕುಳಿತು ಮಿತಿಯಿಲ್ಲದೆ ಉಂಡವನೂ ಪಶುವೇ. ಈ ಬೈಗಳು ಎಷ್ಟು ಸಲೀಸಾಗಿದೆಯೆಂದರೆ, ಅದನ್ನು ಆಡಿದ ಕೂಡಲೆ ವಿಚಾರವೇ ಮುಗಿದುಹೋದಂತೆ ಎಲ್ಲರೂ ಎದ್ದು ಹೋಗುವರು. ಬೈಲಹೊಂಗಲದ ಮಣ್ಣಿನಲ್ಲಿ ಹುಟ್ಟಿ ಉತ್ತರ ಕರ್ನಾಟಕದ ಊರೂರಿಗೆ ಹಬ್ಬಿದ 'ಸಂಗ್ಯಾ-ಬಾಳ್ಯಾ' ಎಂಬ ಸಣ್ಣಾಟಕ್ಕೂ ಇದೇ ಗತಿಯೊದಗಿದೆ. ಅದನ್ನು ಬಲ್ಲವರನ್ನು ಕೇಳಿದರೆ, ಪರರ ಹೆಂಡತಿಯ ಮೇಲೆ ಕಣ್ಣಿಟ್ಟ ಒಬ್ಬ ಕಾಮುಕನು ಪಶುವಿನಂತೆ ನಡೆದು ಪಶುವಿನಂತೆಯೇ ಸತ್ತ ಕತೆಯೆಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವರು. ಆಟವನ್ನು ಕಣ್ಣಿಟ್ಟು ನೋಡಿದರೆ ಈ ತೀರ್ಪು ನಿಲ್ಲುವಂತಿಲ್ಲ. ಪಶುತ್ವವು ಅದರಲ್ಲಿ ಇರುವದು ನಿಜ. ಆದರೆ ಸಂಗ್ಯಾನ ಕೊಲೆಯು ಆ ಪಶುತ್ವದ ಕೆಲಸವಲ್ಲ.

ಸಣ್ಣಾಟವೆಂಬ ಹೆಸರಿನಲ್ಲಿಯೇ ಅದರ ಸ್ಥಾನವು ತಿಳಿಯುವದು. ದೊಡ್ಡಾಟದಲ್ಲಿ ದೇವತೆಗಳೂ ರಾಕ್ಷಸರೂ ಕಿರೀಟ, ಭುಜಕೀರ್ತಿಗಳನ್ನು ಕಟ್ಟಿಕೊಂಡು ಕುಣಿಯುವರು. ಸಣ್ಣಾಟದಲ್ಲಿ ಕಿರೀಟವಿಲ್ಲ. ಧೋತರ, ಅಂಗಿ, ತಲೆಗೆ ರುಮಾಲು, ಇಷ್ಟೇ ವೇಷ. ಆಡುವವನೂ ನೋಡಲು ಬಂದವನೂ ಹೆಚ್ಚು ಕಡಿಮೆ ಒಂದೇ ಉಡುಪಿನಲ್ಲಿರುವರು. ಕತೆಯೂ ಪುರಾಣದ್ದಲ್ಲ, ಊರೊಳಗಿನದು. ಬೈಲಹೊಂಗಲದ ಪತ್ತಾರ ಮಾಸ್ತರರು ಈ ಆಟವನ್ನು ಕಟ್ಟಿದರೆಂದು ಹೇಳುವರು. ಅದರಲ್ಲಿಯ ಸಂಗತಿಯು ಆ ಊರಿನಲ್ಲಿಯೇ ನಿಜವಾಗಿ ನಡೆದದ್ದೆಂದು ಜನರ ದೃಢವಾದ ನಂಬಿಕೆ. ಶಿಷ್ಟ ಮನೆತನಗಳವರು ಬಹುಕಾಲ ಇದನ್ನು ಅಶ್ಲೀಲವೆಂದು ದೂರವಿಟ್ಟರು. ಜಾತ್ರೆಯ ರಾತ್ರಿ ದೂರದಿಂದ ಇದರ ಹಾಡು ಕೇಳಿಬಂದರೆ ಕಿಟಕಿಯನ್ನು ಮುಚ್ಚಿಕೊಂಡವರುಂಟು. ಮುಚ್ಚಿದ ಕಿಟಕಿಯ ಸಂದಿಗೆ ಕಿವಿಗೊಟ್ಟವರೂ ಉಂಟು. ಚಂದ್ರಶೇಖರ ಕಂಬಾರರು ಉತ್ತರ ಕರ್ನಾಟಕದ ಜಾನಪದ ರಂಗಭೂಮಿಯನ್ನು ಕುರಿತು ಸಂಶೋಧನೆ ನಡೆಯಿಸಿ, ಈ ಆಟದ ಪಠ್ಯವನ್ನು ಸಂಪಾದಿಸಿ ಕೊಟ್ಟ ಮೇಲೆ ಇದು ವಿದ್ಯಾವಂತರ ಕಪಾಟಿನೊಳಗೂ ಬಂದು ಕುಳಿತಿತು.

ಬಾಯಿಂದ ಬಾಯಿಗೆ ಬಂದ ಆಟವಾದ್ದರಿಂದ ಮೇಳದಿಂದ ಮೇಳಕ್ಕೆ ಮಾತುಗಳು ಬದಲಾಗುವವು. ಎಲ್ಲದರಲ್ಲಿಯೂ ಉಳಿಯುವ ಎಲುಬುಗೂಡು ಇಷ್ಟು: ಸಂಗ್ಯಾನು ಉಳ್ಳವರ ಮನೆಯ ಹುಡುಗ, ಬಾಳ್ಯಾನು ಅವನ ಜೀವದ ಗೆಳೆಯ. ಈರಣ್ಣನ ಹೆಂಡತಿಯಾದ ಗಂಗೆಯನ್ನು ಸಂಗ್ಯಾನು ಕಂಡು ಮನಸೋಲುವನು. ಪರಮ್ಮನೆಂಬ ಮುದುಕಿಯು ದೂತಿಯಾಗುವಳು. ಗಂಗೆ ಮೊದಲು ಒಲ್ಲೆನೆನ್ನುವಳು, ಆಮೇಲೆ ಒಲಿಯುವಳು. ಗಂಡನು ವ್ಯಾಪಾರದ ನಿಮಿತ್ತವಾಗಿ ಪರಸ್ಥಳಕ್ಕೆ ಹೋದ ಕಾಲಕ್ಕೆ ಇವರ ಸಂಗವು ಬೆಳೆಯುವದು. ಸಂಗತಿಯು ಬಯಲಾಗಲು ಈರಣ್ಣನೂ ಅವನ ಒಡಹುಟ್ಟಿದವರೂ ಕೂಡಿ ಹಂಚಿಕೆ ಹಾಕುವರು. ಬಾಳ್ಯಾನನ್ನು ತಮ್ಮ ಕಡೆಗೆ ಮಾಡಿಕೊಳ್ಳುವರು. ಬಾಳ್ಯಾನೇ ಸಂಗ್ಯಾನನ್ನು ಕರೆದು ತಂದು ಒಪ್ಪಿಸುವನು. ಸಂಗ್ಯಾನ ಕೊಲೆಯಾಗುವದು.

ಇಲ್ಲಿ ಮೊದಲು ಲಕ್ಷ್ಯಕ್ಕೆ ಬರತಕ್ಕದ್ದು ಆಟದ ಹೆಸರು. ಪ್ರೇಮದ ಕತೆಯಾಗಿದ್ದರೆ ಅದು ಸಂಗ್ಯಾ-ಗಂಗೆಯರ ಆಟವಾಗಬೇಕಿತ್ತು; ಸೇಡಿನ ಕತೆಯಾಗಿದ್ದರೆ ಸಂಗ್ಯಾ-ಈರಣ್ಣರದು. ಜನರು ಇವೆರಡನ್ನೂ ಬಿಟ್ಟು ಕೊಲೆಯಾದವನ ಪಕ್ಕದಲ್ಲಿ ಅವನನ್ನು ಕೊಲೆಗೆ ಒಪ್ಪಿಸಿದ ಗೆಳೆಯನ ಹೆಸರನ್ನು ಕೂಡಿಸಿದರು. ಅದೂ ಸಂಗಪ್ಪ, ಬಾಳಪ್ಪ ಎಂಬ ಗೌರವದ ರೂಪದಲ್ಲಿ ಅಲ್ಲ. ಈ ಸೀಮೆಯಲ್ಲಿ ಸಂಗಪ್ಪನು ಸಂಗ್ಯಾ ಆಗುವದು ಎರಡೇ ಸಂದರ್ಭಗಳಲ್ಲಿ: ತೀರ ಸಲಿಗೆಯವರು ಕರೆಯುವಾಗ, ಇಲ್ಲವೆ ತೀರ ಹಗುರಾಗಿ ಆಡಿಕೊಳ್ಳುವಾಗ. ಆಟದ ಹೆಸರಿನಲ್ಲಿ ಸಲಿಗೆ, ತಾತ್ಸಾರಗಳೆರಡೂ ಕೂಡಿ ನಿಂತಿವೆ. ನೋಡುವ ಜನರು ಈ ಇಬ್ಬರನ್ನೂ ತಮ್ಮ ಓಣಿಯ ಹುಡುಗರೆಂದು ಎಣಿಸಿದರು, ಎಣಿಸಿಯೇ ನಾಚಿಕೊಂಡರು.

ಇನ್ನು ಪಶುವಿನ ಮಾತು. ಆಹಾರ, ನಿದ್ರೆ, ಭಯ, ಮೈಥುನ ಇವು ನಾಲ್ಕು ಮನುಷ್ಯನಿಗೂ ಪಶುವಿಗೂ ಸಮಾನವೆಂದು ಹಿಂದಿನವರು ಲೆಕ್ಕ ಹಾಕಿಟ್ಟಿದ್ದಾರೆ. ಸುಭಾಷಿತವನ್ನು ಬಾಯಿಪಾಠ ಮಾಡಿದ ಹುಡುಗರೂ ಇದನ್ನು ಬಲ್ಲರು. ಧರ್ಮವೊಂದೇ ಮನುಷ್ಯನ ಹೆಚ್ಚುಗಾರಿಕೆ ಎಂಬ ಮುಂದಿನ ಮಾತಿನ ಕಡೆಗೇ ಎಲ್ಲರ ಗಮನವು ಹೋಗುವದರಿಂದ, ಆ ನಾಲ್ಕರ ಪಟ್ಟಿಯನ್ನು ಯಾರೂ ನಿಂತು ಓದುವದಿಲ್ಲ. ಅದರಲ್ಲಿ ಸೇಡು ಇಲ್ಲ. ಮಿತ್ರದ್ರೋಹವಿಲ್ಲ. ಊರಲ್ಲಿ ಮಾನ ಹೋಯಿತೆಂಬ ಸಂಕಟವೂ ಇಲ್ಲ. ಈ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ಸಣ್ಣಾಟವನ್ನು ನೋಡಿದರೆ, ಸಂಗ್ಯಾನ ಪಾಲಿಗೆ ಮೈಥುನ ಬರುವದು, ಬಾಳ್ಯಾನ ಪಾಲಿಗೆ ಭಯ ಬರುವದು. ಈರಣ್ಣನ ಮನೆಯವರು ಮಾಡಿದ ಕೆಲಸಕ್ಕೆ ಮಾತ್ರ ಪಟ್ಟಿಯಲ್ಲಿ ಸ್ಥಳವೇ ಸಿಕ್ಕುವದಿಲ್ಲ.

ಸಂಗ್ಯಾನ ಕಾಮವು ಪಶುಸಹಜವೆಂದು ಒಪ್ಪಬಹುದು. ಆದರೆ ಆಟವು ಅದನ್ನು ತೋರಿಸುವ ಬಗೆಯನ್ನು ಗಮನಿಸಬೇಕು. ಅವನು ಕಂಡ ಕೂಡಲೆ ಎರಗಿದವನಲ್ಲ. ಗೆಳೆಯನ ಮುಂದೆ ಗೋಳಾಡುವನು. ಮುದುಕಿಯ ಕೈಯಿಂದ ಮಾತು ಕಳಿಸುವನು. ಒಲ್ಲೆನೆಂದ ಹೆಂಗಸಿನ ಬಾಗಿಲಲ್ಲಿ ಒಲಿಯುವ ವರೆಗೆ ಕಾಯುವನು. ಹಾಡಿನ ಮೇಲೆ ಹಾಡು ಬರುವದು ಈ ಕಾಯುವಿಕೆಯಲ್ಲಿಯೇ. ಮೃಗಕ್ಕೆ ಇಷ್ಟು ದೀರ್ಘವಾದ ಪೀಠಿಕೆಯ ಅವಶ್ಯಕತೆಯಿಲ್ಲ. ಹಸಿವನ್ನು ಅಡಿಗೆಯಾಗಿ ಮಾರ್ಪಡಿಸಿದ ಹಾಗೆಯೇ ಮನುಷ್ಯನು ಈ ಇನ್ನೊಂದು ಹಸಿವನ್ನು ಹಾಡಾಗಿ ಮಾರ್ಪಡಿಸಿರುವನು. ಆ ಹಾಡಿನ ಬಲದಿಂದಲೇ ಕಟ್ಟೆಯ ಮುಂದೆ ಕುಳಿತ ಸಂಸಾರವಂದಿಗರು ಕೂಡ ಅರ್ಧ ರಾತ್ರಿಯ ವರೆಗೆ ಸಂಗ್ಯಾನ ಕಡೆಗೇ ಇರುವರು. ಬೆಳಗಿನ ಜಾವಕ್ಕೆ ಅವರು ಈರಣ್ಣನ ಕಡೆಗೆ ಸರಿಯಬೇಕೆಂದು ನೀತಿಯು ಹೇಳುತ್ತದೆ. ಹಾಗೆ ಸರಿಯುವರೋ ಇಲ್ಲವೋ ಎಂಬದನ್ನು ಮೇಳದವರೇ ಬಲ್ಲರು.

ಪಶುಗಳು ಇಂಥ ಕಾರಣಕ್ಕಾಗಿ ಕೊಲ್ಲುವದಿಲ್ಲ, ಮನುಷ್ಯನೊಬ್ಬನೇ ಪಾಪಿ ಎಂದು ಇಲ್ಲಿ ಹೇಳಿಬಿಡುವದು ಸುಲಭ. ಆ ಸುಲಭದ ಮಾತು ಸುಳ್ಳಾಗುವದು. ಅದನ್ನು ಸುಳ್ಳು ಮಾಡಿದ ಶೋಧವೊಂದು ಕಿತ್ತೂರಿನಿಂದ ಬಹಳ ದೂರವಲ್ಲದ ಧಾರವಾಡದ ಸುತ್ತಿನ ಕಾಡಿನಲ್ಲಿಯೇ ನಡೆಯಿತೆಂಬದು ಈ ಭಾಗದ ಓದುಗರಿಗೆ ಕುತೂಹಲಕರವಾದೀತು. 1960ರ ದಶಕದ ಆರಂಭದಲ್ಲಿ ಯುಕಿಮಾರು ಸುಗಿಯಾಮಾ ಎಂಬ ಜಪಾನೀ ಶಾಸ್ತ್ರಜ್ಞರು ಅಲ್ಲಿಯ ಕರಿಮೋರೆಯ ಮುಸುವಗಳ ಹಿಂಡುಗಳನ್ನು ದೀರ್ಘಕಾಲ ಬೆನ್ನು ಹತ್ತಿ ನೋಡಿದರು. ಒಂದು ಹಿಂಡಿಗೆ ಒಂದೇ ದೊಡ್ಡ ಗಂಡು; ಹೊರಗಿನ ಗಂಡುಗಳ ಗುಂಪೊಂದು ಬಂದು ಅದನ್ನು ಹೊಡೆದೋಡಿಸುವದು; ಗೆದ್ದವುಗಳಲ್ಲಿ ಒಂದು ಹಿಂಡಿನ ಒಡೆತನವನ್ನು ಹಿಡಿಯುವದು; ಆಮೇಲೆ ಹಿಂದಿನ ಗಂಡಿಗೆ ಹುಟ್ಟಿದ ಮೊಲೆಗೂಸುಗಳನ್ನು ಕಚ್ಚಿ ಕೊಲ್ಲುವದು. ಮರಿ ಸತ್ತ ತಾಯಿಯು ಬೇಗನೆ ಮತ್ತೆ ಬೆದೆಗೆ ಬರುವಳು. 1965ರಲ್ಲಿ ಪ್ರಕಟವಾದ ಈ ಸಂಗತಿಯು ಲೋಕದ ಪ್ರಾಣಿಶಾಸ್ತ್ರಜ್ಞರನ್ನು ಬೆಚ್ಚಿಬೀಳಿಸಿತು. ಹನುಮಂತನ ಕುಲವೆಂದು ಬಾಳೆಹಣ್ಣು ಕೊಟ್ಟು ಕೈ ಮುಗಿಯುವ ಜನಕ್ಕೂ ಇದು ನುಂಗಲಾರದ ತುತ್ತೇ ಸರಿ. ಇದಾದ ಕೆಲವು ವರ್ಷಗಳಿಗೆ ಆಫ್ರಿಕೆಯ ಗೊಂಬೆ ಕಾಡಿನಲ್ಲಿ ಜೇನ್ ಗುಡಾಲ್ ಅವರು ಚಿಂಪಾಂಜಿಗಳನ್ನು ಕುರಿತು ಇನ್ನೂ ಘೋರವಾದದ್ದನ್ನು ವರದಿ ಮಾಡಿದರು. ಮೊದಲು ಒಂದೇ ಆಗಿದ್ದ ಬಳಗವು ಒಡೆದು ಎರಡಾಯಿತು. 1974ರಿಂದ 1978ರ ವರೆಗೆ ಒಂದು ಬಣದ ಗಂಡುಗಳು ಗುಂಪುಗೂಡಿ ಸದ್ದಿಲ್ಲದೆ ಹೋಗಿ, ಇನ್ನೊಂದು ಬಣದವುಗಳನ್ನು ಒಂಟಿಯಾಗಿ ಸಿಕ್ಕಲ್ಲಿ ಹೊಡೆದು ಕೊಂದವು.

ಹೀಗಿರಲು ಗುಂಪಾಗಿ ಹೊಂಚಿ ಕೊಲ್ಲುವದು ಮನುಷ್ಯನೊಬ್ಬನ ಸೊತ್ತಲ್ಲ. ಈರಣ್ಣ ಸಹೋದರರು ಕತ್ತಲಲ್ಲಿ ಕಾದು ನಿಂತದ್ದಕ್ಕೆ ಕಾಡಿನಲ್ಲಿಯೂ ದೃಷ್ಟಾಂತ ಸಿಕ್ಕಿತು. ಹಾಗಾದರೆ ಅಂತರವೆಲ್ಲಿ? ಮುಸುವವು ತನ್ನ ಕೃತ್ಯಕ್ಕೆ ಕಾರಣ ಹೇಳಬೇಕಾಗಿಲ್ಲ. ಅದು ಗೆದ್ದಿತು, ಕೊಂದಿತು, ಮರುದಿನ ಎಲೆ ತಿನ್ನುತ್ತ ಕುಳಿತಿತು. ಸೋತು ಓಡಿದ ಗಂಡಿಗೂ ಕಾಡಿನಲ್ಲಿ ಅಪಮಾನವೆಂಬದಿಲ್ಲ. ಈರಣ್ಣನ ಮನೆಯಲ್ಲಿ ನಡೆಯುವ ಮಾತುಕತೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ಹೆಂಡತಿಯನ್ನು ಕಳೆದುಕೊಂಡ ದುಃಖಕ್ಕಿಂತ ನಾಲ್ಕು ಜನರ ಮುಂದೆ ತಲೆ ಎತ್ತುವದು ಹೇಗೆಂಬ ಚಿಂತೆಯೇ ದೊಡ್ಡದು. ಒಡಹುಟ್ಟಿದವರು ಕೈ ಕೂಡಿಸುವದು ಆ ಚಿಂತೆಗಾಗಿಯೇ; ಯಾಕೆಂದರೆ ಹೆಂಡತಿ ಒಬ್ಬನವಳು, ಮನೆತನದ ಹೆಸರು ಎಲ್ಲರದು. ಕೊಲೆಗಡುಕರ ಹಿಂದೆ ಇಡಿಯ ಊರು ನಿಂತಿದೆ. ಆಟದ ಕಟ್ಟೆಯ ಮೇಲೆ ಊರಿಗೆ ಪಾತ್ರವಿಲ್ಲದಿದ್ದರೂ ಕಟ್ಟೆಯ ಮುಂದೆ ಅದು ಕುಳಿತೇ ಇರುವದು.

ಕಾಯಿದೆಯು ಈ ಭೇದವನ್ನು ತನ್ನ ರೀತಿಯಲ್ಲಿ ಗುರುತಿಸಿದೆ. 1860ರ ದಂಡಸಂಹಿತೆಯಲ್ಲಿ, ಉಗ್ರವೂ ಹಠಾತ್ತಾದದ್ದೂ ಆದ ಪ್ರಚೋದನೆಯಿಂದ ಮನಸ್ಸಿನ ಹಿಡಿತ ತಪ್ಪಿ ಮಾಡಿದ ಹತ್ಯೆಗೆ ಕೊಲೆಗಿಂತ ಕಡಿಮೆಯಾದ ಅಪರಾಧವೆಂಬ ರಿಯಾಯತಿಯಿತ್ತು. ಅದರ ಸ್ಥಳದಲ್ಲಿ 2024ರ ಜುಲೈ 1ರಿಂದ ಬಂದ ಹೊಸ ಸಂಹಿತೆಯೂ ಆ ರಿಯಾಯತಿಯನ್ನು ಉಳಿಸಿಕೊಂಡಿದೆ. ಮನುಷ್ಯನೊಳಗಿನ ಪಶುವಿಗೆ ಕಾಯಿದೆಯು ತೋರಿಸಿದ ಕರುಣೆಯೆಂದು ಇದನ್ನು ಕರೆಯಬಹುದು. ತಣ್ಣಗೆ ಕುಳಿತು ಹಂಚಿಕೆ ಹಾಕಿದವನಿಗೆ ಆ ಕರುಣೆ ಸಲ್ಲುವದಿಲ್ಲ. ಈರಣ್ಣನು ಬಾಗಿಲು ತೆರೆದ ಕ್ಷಣದಲ್ಲಿ ಕತ್ತಿ ಎತ್ತಿದ್ದರೆ ಅವನು ಪಶುವೆನ್ನಿಸಿಕೊಂಡು ಬದುಕುತ್ತಿದ್ದನು. ಅವನು ಕಾದನು, ಕೂಡಿಸಿದನು, ಇನ್ನೊಬ್ಬನನ್ನು ಒಲಿಸಿಕೊಂಡನು. ಇವೆಲ್ಲ ಮನುಷ್ಯನಿಗೆ ವಿದ್ಯೆ, ಬುದ್ಧಿ, ಬಾಂಧವ್ಯಗಳಿಂದ ಬಂದ ಶಕ್ತಿಗಳು.

ಜನ್ನನ 'ಯಶೋಧರ ಚರಿತೆ'ಯನ್ನು ಬಲ್ಲವರಿಗೆ ಇಲ್ಲಿ ಆ ಕಾವ್ಯದ ನೆನಪಾಗದೆ ಇರದು. 1209ರಷ್ಟು ಹಿಂದೆಯೇ ಆ ಕವಿಯು ಇದೇ ಗಂಟನ್ನು ಬಿಡಿಸಲು ಕೈ ಹಾಕಿದ್ದನು. ಅರಸನಾದ ಯಶೋಧರನ ಹೆಂಡತಿ ಅಮೃತಮತಿಯು ಇರುಳಿನಲ್ಲಿ ಒಬ್ಬ ಮಾವುತನ ಹಾಡು ಕೇಳಿ ಮರುಳಾಗಿ, ಅವನು ಅಷ್ಟು ಕುರೂಪಿಯಾಗಿದ್ದರೂ ಬಿಡದೆ, ರಾತ್ರಿಯಲ್ಲಿ ಎದ್ದು ಹೋಗುವಳು. ಯಶೋಧರನು ಹಿಂದೆಯೇ ಹೋಗಿ ಕಣ್ಣಾರೆ ಕಂಡು ಖಡ್ಗವನ್ನೆತ್ತುವನು, ಎತ್ತಿ, ತಡೆದುಕೊಳ್ಳುವನು. ಇಲ್ಲಿಯ ವರೆಗೆ ಅವನು ಈರಣ್ಣನಿಗಿಂತ ಮೇಲಾದನು. ಆದರೆ ಕವಿಯು ಅವನನ್ನು ಬಿಡುವದಿಲ್ಲ. ತಾಯಿಯಾದ ಚಂದ್ರಮತಿಯ ಮಾತಿಗೆ ಒಪ್ಪಿ ಅವನು ಮಾರಿಯ ಮುಂದೆ ಹಿಟ್ಟಿನ ಕೋಳಿಯೊಂದನ್ನು ಕಡಿಯುವನು. ಜೀವವಿಲ್ಲದ ಹಿಟ್ಟು, ಆದರೂ ಕೊಲ್ಲುವೆನೆಂಬ ಸಂಕಲ್ಪ. ಆ ಸಂಕಲ್ಪದ ಫಲವಾಗಿ ತಾಯಿ ಮಕ್ಕಳಿಬ್ಬರೂ ಪಶುಜನ್ಮಗಳ ಸರಣಿಯೊಳಗೆ ಬೀಳುವರು. ಮೊದಲು ಅವನು ನವಿಲು, ಅವಳು ನಾಯಿ. ಅಮೃತಮತಿಗೆ ನರಕವುಂಟು, ಅವಳ ಮೇಲೆ ಜನ್ನನಿಗೆ ಕನಿಕರವೇನೂ ಇಲ್ಲ. ಆದರೆ ಪಶುವಾಗಿ ಹುಟ್ಟಿ ಅಲೆಯುವ ಶಿಕ್ಷೆಯನ್ನು ಅವನು ಕಾಮಕ್ಕೆ ಕಟ್ಟಲಿಲ್ಲ, ಮನಸ್ಸಿನೊಳಗೆ ಕೊಂದವರಿಗೆ ಕಟ್ಟಿದನು. ಏಳುನೂರು ವರ್ಷಗಳ ತರುವಾಯ ಬೈಲಹೊಂಗಲದ ಕಟ್ಟೆಯ ಮೇಲೆ ಹಾಡಿದವರು ಜನ್ನನನ್ನು ಓದಿದ್ದರೆನ್ನಲು ಆಧಾರವಿಲ್ಲ. ಓದದೆಯೇ ಅದೇ ಬಾಗಿಲಿಗೆ ಬಂದು ನಿಂತರೆಂಬದರಲ್ಲಿ ಈ ಸಣ್ಣಾಟದ ದೊಡ್ಡತನವಿದೆ.

ಬೈಲಹೊಂಗಲದ ನೆರೆಯಲ್ಲಿಯೇ ಸವದತ್ತಿಯ ಗುಡ್ಡವಿದೆ. ಅಲ್ಲಿ ನೆಲಸಿದ ಎಲ್ಲಮ್ಮನ ಕತೆಯೂ ಇದೇ ಜಾತಿಯದೆಂಬದನ್ನು ಭಕ್ತಿಯ ಭರದಲ್ಲಿ ಜನರು ಮರೆಯುವರು. ಹಸಿಯ ಮರಳಿನ ಕೊಡದಲ್ಲಿ, ಹಾವಿನ ಸಿಂಬೆಯ ಮೇಲೆ ನೀರು ತರುತ್ತಿದ್ದ ರೇಣುಕೆಯು ಒಂದು ದಿನ ಜಲಕ್ರೀಡೆಯಾಡುವ ಗಂಧರ್ವನನ್ನು ಕಂಡು ಒಂದು ಕ್ಷಣ ಮನಸ್ಸನ್ನು ಜಾರಗೊಟ್ಟಳು. ಕೊಡ ಕಟ್ಟಲಿಲ್ಲ, ಹಾವು ಸರಿಯಿತು. ಜಮದಗ್ನಿಯು ತಾಯಿಯ ತಲೆ ಕಡಿಯಿರೆಂದು ಮಕ್ಕಳಿಗೆ ಹೇಳಿದನು. ನಾಲ್ವರು ಒಲ್ಲೆವೆಂದು ಶಾಪ ಹೊತ್ತರು. ಐದನೆಯವನಾದ ಪರಶುರಾಮನು ಕಡಿದನು. ಕಡಿದು, ತಂದೆಯು ವರ ಕೇಳೆನ್ನಲು ತಾಯಿಯನ್ನೇ ಬದುಕಿಸಿ ಕೊಡಲು ಬೇಡಿದನು. ರೇಣುಕೆಯ ಆ ಒಂದು ಕ್ಷಣವು ನಾಲ್ಕರ ಪಟ್ಟಿಗೆ ಸೇರಿದ್ದು. ಕೊಡಲಿಯು ಸೇರಿದ್ದಲ್ಲ; ಅದರ ಹಿಂದೆ ತಪಸ್ಸು, ಪಿತೃವಾಕ್ಯ, ಪಾತಿವ್ರತ್ಯದ ಲೆಕ್ಕಾಚಾರ ಎಲ್ಲವೂ ಇವೆ. ಒಲ್ಲೆವೆಂದ ಆ ನಾಲ್ವರ ಕಡೆಗೆ ಯಾರೂ ತಿರುಗಿ ನೋಡದೆ ಇರುವದು ಒಂದು ಸೋಜಿಗ. ಗುಡ್ಡದ ಮೇಲೆ ಮಾತ್ರ ಕತೆಯು ಸಾವಿನಲ್ಲಿ ಮುಗಿಯದಂತೆ ಜನರು ಕಟ್ಟು ಮಾಡಿಕೊಂಡಿದ್ದಾರೆ: ಹೊಸ್ತಿಲ ಹುಣ್ಣಿಮೆಗೆ ದೇವಿಗೆ ವೈಧವ್ಯ, ಭಾರತ ಹುಣ್ಣಿಮೆಗೆ ಮತ್ತೆ ಮುತ್ತೈದೆತನ. ಸಂಗ್ಯಾನಿಗೆ ಇಂಥ ಹುಣ್ಣಿಮೆ ಬರುವದಿಲ್ಲ. ಪುರಾಣವು ಕೊಟ್ಟ ವರವನ್ನು ಸಣ್ಣಾಟವು ಕೊಡಲೊಪ್ಪದು.

ಗುಂಪಿನ ಸಿಟ್ಟನ್ನು ಪಶುತ್ವವೆನ್ನುವವರೂ ಇದ್ದಾರೆ. ಅದಕ್ಕೆ ಈ ಸೀಮೆಯವರು ರಾಮದುರ್ಗದ ಕಡೆಗೆ ಕೈ ತೋರಿಸುವರು. 1939ರ ಏಪ್ರಿಲಿನಲ್ಲಿ, ಅದು ಇನ್ನೂ ಸಂಸ್ಥಾನವಾಗಿದ್ದಾಗ, ಪ್ರಜಾಸಂಘದ ಚಳವಳಿಯ ಕಾಲಕ್ಕೆ ಜನರು ಸೆರೆಮನೆಯ ಮೇಲೆ ನುಗ್ಗಿ ಪೋಲೀಸರನ್ನು ಕೊಂದರು. ಗಾಂಧೀಜಿಯವರು ಅದನ್ನು ಖಂಡಿಸಿದರು. ಆ ಕೃತ್ಯವು ಭಯಂಕರವಾದದ್ದೇ. ಆದರೆ ಅಲ್ಲಿ ಸಿಟ್ಟು ಹಗಲಿನಲ್ಲಿ, ಎಲ್ಲರ ಕಣ್ಣ ಮುಂದೆ ಉಕ್ಕಿತು. ಸಂಗ್ಯಾನ ಕೊಲೆಗೆ ಅಂಥ ಉಕ್ಕೂ ಇಲ್ಲ.

ಇನ್ನು ಉಳಿದವನು ಬಾಳ್ಯಾ. ಆಟದ ತಿರುಳೆಲ್ಲ ಇವನಲ್ಲಿಯೇ ಇದೆ. ಒಳ್ಳೆಯ ಮೇಳಗಳು ಇದನ್ನು ಬಲ್ಲವು. ಈ ನಾಡಿನಲ್ಲಿ ದ್ರೋಹದ ಕತೆಗಳಿಗೆ ಕಡಿಮೆಯಿಲ್ಲ. ಬೈಲಹೊಂಗಲ ತಾಲೂಕಿನ ಸಂಗೊಳ್ಳಿಯವನಾದ ರಾಯಣ್ಣನು 1830ರಲ್ಲಿ ಹಿಡಿಯಲ್ಪಟ್ಟು, 1831ರ ಜನೇವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ್ದು ತನ್ನವರ ದ್ರೋಹದಿಂದಲೇ ಎಂದು ಲಾವಣಿಕಾರರು ಹಾಡುತ್ತ ಬಂದಿದ್ದಾರೆ. ಆದರೆ ಲಾವಣಿಯಲ್ಲಿ ದ್ರೋಹಿಯು ಬರಿಯ ದ್ರೋಹಿ. ಅವನನ್ನು ಶಪಿಸಿ ಮುಂದೆ ಸಾಗಿದರೆ ಆಯಿತು. ಬಾಳ್ಯಾನನ್ನು ಹಾಗೆ ಶಪಿಸಿ ಮುಂದೆ ಹೋಗುವಂತಿಲ್ಲ. ಅವನು ಸಂಗ್ಯಾನ ಸುಖಕ್ಕೆ ನೆರವಾದವನು, ಅವನ ಗೋಳನ್ನು ಕೇಳಿದವನು. ಇದ್ದ ಒಬ್ಬ ಗೆಳೆಯನು. ಅವನನ್ನು ತಿರುಗಿಸಿದ್ದು ಹೆದರಿಕೆಯೇ ಆಗಿರಲಿ, ಆಸೆಯೇ ಆಗಿರಲಿ, ಅದು ಒಂದು ಗಳಿಗೆಯ ಕೆಲಸ. ಜೀವಕ್ಕೆ ಅಂಜಿದ ಪಶುವು ಬಾಲ ಮುದುಡಿ ಓಡುವದು. ಬಾಳ್ಯಾನೂ ಓಡಬಹುದಾಗಿತ್ತು. ಓಡಿದ್ದರೆ ಅವನು ಹೇಡಿಯೆನ್ನಿಸಿಕೊಳ್ಳುತ್ತಿದ್ದನು, ಅಷ್ಟೇ.

ಅವನು ಓಡದೆ ಸಂಗ್ಯಾನ ಹತ್ತಿರ ಹೋಗುವನು. ಬಾರೆಂದು ಕರೆಯುವನು. ಸಂಗ್ಯಾನು ಯಾಕೆ, ಏನೆಂದು ಸಂಶಯಪಡದೆ ಹೊರಡುವನು. ಯಾಕೆಂದರೆ ಕರೆದವನು ಬಾಳ್ಯಾ. ಕೊಲ್ಲುವವರ ಕೈಯಲ್ಲಿದ್ದ ಆಯುಧಗಳಿಗಿಂತ ಹರಿತವಾದ ಆಯುಧವು ಈ ಕರೆಯೊಳಗಿನ ಸಲಿಗೆಯಾಗಿದೆ. ಧಾರವಾಡದ ಮುಸುವಗಳಲ್ಲಿಯೂ ಗೊಂಬೆಯ ಚಿಂಪಾಂಜಿಗಳಲ್ಲಿಯೂ ಗುಂಪುಗಟ್ಟಿ ಹೋದವುಗಳುಂಟು. ಕೊಲ್ಲಬೇಕಾದವನ ಹೆಗಲ ಮೇಲೆ ಕೈಯಿಟ್ಟು ಕರೆದುಕೊಂಡು ಬಂದದ್ದು ಒಂದೂ ಇಲ್ಲ. ಅದಕ್ಕೆ ಮೊದಲು ಸ್ನೇಹವಿರಬೇಕು, ಮಾತಿರಬೇಕು, ಮಾತನ್ನು ನಂಬುವ ಇನ್ನೊಬ್ಬನಿರಬೇಕು. ಮನುಷ್ಯನ ಅತ್ಯುತ್ತಮವಾದ ಗುಣವನ್ನು ಹಿಡಿದೇ ಈ ಕೊಲೆಯು ನಡೆಯುವದರಿಂದ, ನೋಡುವವರ ಹೊಟ್ಟೆಯಲ್ಲಿ ಸಂಕಟವಾಗುವದು.

ಶೈವಶಾಸ್ತ್ರದ ಪರಿಭಾಷೆಯಲ್ಲಿ ಪಶುವೆಂದರೆ ಕ್ರೂರಮೃಗವಲ್ಲ. ಪಾಶದಿಂದ ಕಟ್ಟಲ್ಪಟ್ಟ ಜೀವನೇ ಪಶು. ಕಟ್ಟನ್ನು ಬಿಡಿಸಬಲ್ಲವನು ಪತಿ. ಸಂಗಪ್ಪ, ಈರಣ್ಣರಂಥ ಶಿವನ ಹೆಸರುಗಳೇ ತುಂಬಿದ ಈ ಆಟವನ್ನು ಶಿವನ ಮತದ ಈ ಅರ್ಥದಿಂದ ಓದಿದರೆ ಅದು ಬೇರೆಯಾಗಿಯೇ ತೆರೆದುಕೊಳ್ಳುವದು. ಸಂಗ್ಯಾನಿಗೆ ಕಾಮದ ಹಗ್ಗ. ಅದನ್ನು ಕಟ್ಟಿದವಳು ಪ್ರಕೃತಿ. ಈರಣ್ಣನಿಗೆ ಮನೆತನದ ಹಗ್ಗ, ಬಾಳ್ಯಾನಿಗೆ ಈರಣ್ಣನ ಮನೆಯವರು ಹಾಕಿದ ಹಗ್ಗ; ಇವನ್ನು ಹೊಸೆದವರು ಮನುಷ್ಯರೇ. ಬೀದಿಯಲ್ಲಿ ಆಡುವ ಬೈಗಳಿಗಿಂತ ಮಠದಲ್ಲಿ ಹೇಳುವ ಮಾತು ಇಲ್ಲಿ ಹೆಚ್ಚು ನ್ಯಾಯವಾದದ್ದು. ಪಶುವೆಂದು ಬೈದರೆ ದೋಷವು ಆ ಒಬ್ಬನ ರಕ್ತಕ್ಕೆ ಸೇರಿಹೋಗುವದು. ಹಗ್ಗವೆಂದರೆ, ಅದರ ಇನ್ನೊಂದು ತುದಿ ಯಾರ ಕೈಯಲ್ಲಿದೆಯೆಂದು ಕೇಳಬೇಕಾಗುವದು.

ಗಂಗೆಯ ವಿಷಯದಲ್ಲಿ ಆಟವು ಸೋತಿದೆಯೆಂದು ಹೇಳದೆ ಗತಿಯಿಲ್ಲ. ಒಲ್ಲೆನೆನ್ನುವಾಗ ಅವಳಿಗೆ ಒಂದು ದನಿಯಿದೆ. ಒಲಿದ ಮೇಲೆ ಆ ದನಿಯು ಸಂಗ್ಯಾನ ಹಾಡಿನೊಳಗೆ ಕರಗಿಹೋಗುವದು. ಕೊಲೆಯ ಹಂಚಿಕೆಯಲ್ಲಂತೂ ಅವಳು ಗಂಡಸರ ನಡುವಿನ ವ್ಯಾಜ್ಯದ ವಸ್ತು ಮಾತ್ರ. ಇದು ಸಣ್ಣಾಟದ ಒಂದರ ದೋಷವಲ್ಲ. ಪರರ ಹೆಂಡತಿಯ ಸಂಗ ಮಾಡಿದವನನ್ನು ದಂಡಿಸುತ್ತಿದ್ದ ಅದೇ 1860ರ ಸಂಹಿತೆಯ 497ನೆಯ ಕಲಮು ಕೂಡ, ಗಂಡನ ಸಮ್ಮತಿಯಿದ್ದರೆ ಅಪರಾಧವಿಲ್ಲವೆನ್ನುತ್ತಿತ್ತು. ಹೆಂಡತಿಯ ಸಮ್ಮತಿ, ಅಸಮ್ಮತಿಗಳ ಮಾತೇ ಅದರಲ್ಲಿರಲಿಲ್ಲ. ಸುಪ್ರೀಮ್ ಕೋರ್ಟು 2018ರ ಸಪ್ಟೆಂಬರ 27ರಂದು ಅದನ್ನು ಅಳಿಸಿಹಾಕಿತು. ಕಾಯಿದೆಗೇ ನೂರೈವತ್ತಕ್ಕೂ ಹೆಚ್ಚು ವರ್ಷ ಕಾಣದೆ ಇದ್ದದ್ದು ಪತ್ತಾರ ಮಾಸ್ತರರಿಗೆ ಕಾಣಲಿಲ್ಲವೆಂದು ಅವರೊಬ್ಬರನ್ನೇ ದೂರಲಾಗದು. ಕಂಬಾರರು ತಮ್ಮ 'ಜೋಕುಮಾರಸ್ವಾಮಿ'ಯಲ್ಲಿ (1972) ಇದೇ ತ್ರಿಕೋಣವನ್ನು ಮತ್ತೆ ಕಟ್ಟುವಾಗ ಈ ಕೊರತೆಯನ್ನು ಬಲ್ಲವರಾಗಿಯೇ ಕಟ್ಟಿದರೆಂದು ತೋರುವದು. ಅಲ್ಲಿಯ ಗೌಡತಿಗೆ ತನ್ನದೇ ಆದ ಹಸಿವಿದೆ, ಅದು ಮಗುವಿನ ಹಸಿವು. ಬಸಣ್ಣನನ್ನು ಗೌಡನ ಆಳುಗಳು ಸುತ್ತುಗಟ್ಟಿ ಕೊಲ್ಲುವಾಗ ಆ ಸಾವು ಹೊಲ, ಮಳೆ, ಬೆಳೆಗಳ ಸಾವಾಗಿ ಕಾಣುವದು. ಕಾಮವನ್ನು ಅವರು ಜೋಕುಮಾರನ ಹಬ್ಬದೊಂದಿಗೆ ಕೂಡಿಸಿ ದೊಡ್ಡದು ಮಾಡಿದರು. ಆದರೆ ಅಲ್ಲಿ ಬಾಳ್ಯಾ ಇಲ್ಲ. ಗೌಡನ ಮೇಲಿನ ಸಿಟ್ಟಿನಿಂದ ಪ್ರೇಕ್ಷಕರು ಹಗುರಾಗಿ ಮನೆಗೆ ಹೋಗಬಹುದು. ಹಳೆಯ ಆಟವನ್ನು ನೋಡಿದವರಿಗೆ ಆ ಸೌಕರ್ಯವಿಲ್ಲ.

ಇತ್ತೀಚೆಗೆ ಬೆಳತನಕ ನಡೆಯುವ ಆಟಗಳನ್ನು ಉತ್ಸವಗಳ ಅನುಕೂಲಕ್ಕೆಂದು ಒಂದೂವರೆ ತಾಸಿಗೆ ಇಳಿಸುವ ಪದ್ಧತಿಯು ಬಂದಿದೆ. ಇಳಿಸುವವರು ಪ್ರಣಯದ ಹಾಡುಗಳನ್ನು ಬಿಡುವದಿಲ್ಲ, ಅವಕ್ಕೆ ಚಪ್ಪಾಳೆಯಿದೆ, ಕೊಲೆಯನ್ನೂ ಬಿಡಲಾಗದು. ನಡುವೆ ಕತ್ತರಿ ಬೀಳುವದು ಈರಣ್ಣನ ಮನೆಯ ಮಾತುಕತೆಗೆ ಮತ್ತು ಗೆಳೆಯರಿಬ್ಬರೂ ಕೂಡಿ ನಡೆದುಹೋಗುವ ಆ ಕೊನೆಯ ದಾರಿಗೆ. ಹಾಗೆ ಕತ್ತರಿಸಿದ ಆಟದಲ್ಲಿ ಒಬ್ಬ ಕಾಮುಕನೂ ಅವನನ್ನು ಕೊಂದವರೂ ಮಾತ್ರ ಉಳಿಯುವರು. ಜನರು ಅದನ್ನು ಪಶುಗಳ ಕತೆಯೆಂದರೆ ತಪ್ಪೇನೂ ಇಲ್ಲ. ಆ ದಾರಿಯನ್ನು ಮಾತ್ರ ಮೇಳದವರು ಉಳಿಸಿಕೊಳ್ಳಬೇಕು. ಹಿಮ್ಮೇಳದವರು ದನಿಯನ್ನು ತಗ್ಗಿಸಿದಾಗ, ಇಬ್ಬರೂ ಕಟ್ಟೆಯನ್ನು ಒಂದು ಸುತ್ತು ಹಾಕುವಷ್ಟು ಹೊತ್ತು, ಸಂಗ್ಯಾನು ಏನೋ ಹೇಳುತ್ತಲೇ ಇರುವನು. ಬಾಳ್ಯಾನು ಹೂಂಗುಟ್ಟುತ್ತ ಒಂದು ಹೆಜ್ಜೆ ಹಿಂದೆ ಬರುತ್ತಿರುವನು.